ನುಡಿಸಿದರೆ ಉಳಿಯುವ ವಾದ್ಯ

ಅಮೆರಿಕದ ಅಟ್ಲಾಂಟಾ ನಗರದ ಫಾಕ್ಸ್ ಥಿಯೇಟರಿನಲ್ಲಿ 1929ರಿಂದ ಒಂದು ವಾದ್ಯವಿದೆ. ಅದಕ್ಕೆ 3,622 ಕೊಳವೆಗಳು. ಪೆನ್ಸಿಲ್ ಗಾತ್ರದವೂ ಇವೆ, ಮನೆಯ ಎತ್ತರದವೂ ಇವೆ. ಆದರೆ ಅವೆಲ್ಲ ಗೋಡೆಯ ಹಿಂದಿನ ಕೋಣೆಗಳಲ್ಲಿ ಅಡಗಿವೆ. ಪ್ರೇಕ್ಷಕರಿಗೆ ಕಾಣುವುದು ನಾಲ್ಕು ಹಂತದ ಕೀಲಿಮಣೆ ಮತ್ತು ಅದರ ಮುಂದೆ ಕೂತ ವಾದಕ ಮಾತ್ರ. ಮೋಲರ್ ಕಂಪನಿ ಕಟ್ಟಿದ ಈ ಥಿಯೇಟರ್ ಆರ್ಗನ್‌ಗೆ ‘ಮೈಟಿ ಮೋ’ ಎಂಬ ಮುದ್ದಿನ ಹೆಸರಿದೆ.

ಮೂಕಿ ಚಿತ್ರಗಳ ಕಾಲದಲ್ಲಿ ತೆರೆಯ ಮುಂದೆ ಸಂಗೀತ ಇರಲೇಬೇಕಿತ್ತು. ಇಡೀ ವಾದ್ಯವೃಂದಕ್ಕೆ ಸಂಬಳ ಕೊಡುವುದು ಮಾಲೀಕರಿಗೆ ಭಾರ. ಒಬ್ಬನೇ ಕೂತು ವೃಂದದ ಕೆಲಸವನ್ನೆಲ್ಲ ಮಾಡುವಂಥ ಯಂತ್ರ ಬೇಕಾಗಿತ್ತು. ದಾರಿ ತೋರಿದವರು ಇಂಗ್ಲೆಂಡಿನ ಟೆಲಿಫೋನ್ ಎಂಜಿನಿಯರ್ ರಾಬರ್ಟ್ ಹೋಪ್-ಜೋನ್ಸ್. 1910ರಲ್ಲಿ ಅವರು ಅಮೆರಿಕದ ವುರ್ಲಿಟ್ಜರ್ ಕಂಪನಿ ಸೇರಿದರು. ಆ ಕಂಪನಿ ಮುಂದೆ ಎರಡು ಸಾವಿರಕ್ಕೂ ಹೆಚ್ಚು ಆರ್ಗನ್‌ಗಳನ್ನು ತಯಾರಿಸಿತು.

ಕೀಲಿ ಒತ್ತಿದಾಗ ಆಗುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ತಂತಿಯಲ್ಲಿ ಸಣ್ಣ ವಿದ್ಯುತ್ತು ಹರಿದು, ದೂರದ ಕೋಣೆಯಲ್ಲಿರುವ ಪುಟ್ಟ ವಿದ್ಯುತ್ ಅಯಸ್ಕಾಂತ ಒಂದು ಬಿಲ್ಲೆಯನ್ನು ಎಳೆಯುತ್ತದೆ. ಬಿಲ್ಲೆ ಸರಿದರೆ ಚರ್ಮದ ಒಂದು ಪುಟ್ಟ ಚೀಲದೊಳಗಿನ ಗಾಳಿ ಹೊರಹೋಗುತ್ತದೆ. ಹೊರಗಿನ ಒತ್ತಡಕ್ಕೆ ಚೀಲ ಕುಸಿಯುತ್ತದೆ, ಅದು ಕುಸಿದ ಸೆಳೆತಕ್ಕೆ ಕೊಳವೆಯ ಬುಡದ ಕವಾಟ ತೆರೆಯುತ್ತದೆ. ವಿದ್ಯುತ್ತು ಸುದ್ದಿ ಮುಟ್ಟಿಸುತ್ತದೆ ಅಷ್ಟೆ, ಬಲ ಹಾಕುವುದು ಗಾಳಿ. ಆದ್ದರಿಂದಲೇ ವಾದಕನ ಬೆರಳಿಗೆ ಆಯಾಸವಿಲ್ಲ, ಕೊಳವೆಗಳು ಎಷ್ಟು ದೂರದಲ್ಲಿದ್ದರೂ ತೊಡಕಿಲ್ಲ. ಚರ್ಚಿನ ಹಳೆಯ ಆರ್ಗನ್‌ಗಳ ಗಾಳಿಯೊತ್ತಡ ನೀರನ್ನು ಸುಮಾರು 3 ಅಂಗುಲ ಎತ್ತುವಷ್ಟಿದ್ದರೆ, ಇಲ್ಲಿ 10 ಅಂಗುಲ ಸಾಮಾನ್ಯ.

ಹೋಪ್-ಜೋನ್ಸ್ ಅವರ ಇನ್ನೊಂದು ಜಾಣತನವೂ ವಿದ್ಯುತ್ತಿನಿಂದಲೇ ಸಾಧ್ಯವಾದದ್ದು. 61 ಕೀಲಿಗಳಿಗೆ ನಾಲ್ಕು ಬೇರೆ ಬೇರೆ ಸ್ಥಾಯಿಗಳಲ್ಲಿ ದನಿ ಬೇಕೆಂದರೆ 244 ಕೊಳವೆಗಳಾಗುತ್ತವೆ. ಒಂದೇ ಕೊಳವೆಯನ್ನು ಹಲವು ಕೀಲಿಗಳಿಗೆ ಜೋಡಿಸಿ ಅವರು ಆ ಕೆಲಸವನ್ನು 97ರಲ್ಲೇ ಮುಗಿಸಿದರು. ಇದಕ್ಕೆ ಡೋಲು, ತಾಳ, ಹಕ್ಕಿಯ ಚಿಲಿಪಿಲಿ, ಕಾರಿನ ಹಾರ್ನ್, ಕುದುರೆಯ ಗೊರಸಿನ ಸದ್ದನ್ನೂ ಸೇರಿಸಿದರೆ ಚಿತ್ರಮಂದಿರಕ್ಕೆ ಬೇಕಾದುದೆಲ್ಲ ಸಿದ್ಧ.

1927ರಲ್ಲಿ ‘ದಿ ಜಾಝ್ ಸಿಂಗರ್’ ಎಂಬ ಮಾತಾಡುವ ಚಿತ್ರ ಬಂತು. ಕೆಲವೇ ವರ್ಷಗಳಲ್ಲಿ ಚಿತ್ರಗಳೆಲ್ಲ ಮಾತಾಡಿದವು, ಆರ್ಗನ್‌ಗಳು ಮೂಕವಾದವು. ಎಷ್ಟೋ ವಾದ್ಯಗಳು ಚರ್ಚುಗಳಿಗೆ ಮಾರಾಟವಾದವು, ಎಷ್ಟೋ ಗುಜರಿಗೆ ಹೋದವು. ಮೈಟಿ ಮೋ ಕೂಡ 1950ರ ದಶಕದಲ್ಲಿ ನುಡಿಯದ ಸ್ಥಿತಿಗೆ ಬಂತು. ಅದಕ್ಕೆ 1963ರಲ್ಲಿ ಮತ್ತೆ ದನಿ ಕೊಟ್ಟವರು ಜೋ ಪ್ಯಾಟನ್ ಎಂಬ ಹವ್ಯಾಸಿ ಮತ್ತು ಅವರ ಸ್ವಯಂಸೇವಕ ಗೆಳೆಯರು. ಹತ್ತು ವರ್ಷ ಕಳೆದ ಮೇಲೆ ಥಿಯೇಟರನ್ನೇ ಕೆಡವುವ ಮಾತು ಬಂದಾಗ ಊರಿನ ಜನ ಹಣ ಕೂಡಿಸಿ ಉಳಿಸಿಕೊಂಡರು.

ಇಂಥ ಹವ್ಯಾಸಿಗಳ ಕೆಲಸದಲ್ಲಿ ಬಹುಪಾಲು ಚರ್ಮದ್ದು. ಲೋಹ, ಮರ ನೂರು ವರ್ಷ ತಾಳುತ್ತವೆ. ತೆಳು ಚರ್ಮ ಕೆಲವು ದಶಕಗಳಲ್ಲೇ ಪುಡಿಯಾಗುತ್ತದೆ, ಕೊಳಕು ಗಾಳಿಯ ನಗರದಲ್ಲಿ ಇನ್ನೂ ಬೇಗ. ಸಾವಿರಾರು ಪುಟ್ಟ ಚೀಲಗಳನ್ನು ಒಂದೊಂದಾಗಿ ಬಿಚ್ಚಿ, ಕೆರೆದು, ಹೊಸ ಚರ್ಮ ಅಂಟಿಸಬೇಕು. ಅಂಟು ಕೂಡ ಹಳೆಯ ಕಾಲದ್ದೇ, ಪ್ರಾಣಿಯ ತೊಗಲನ್ನು ಕುದಿಸಿ ಮಾಡಿದ್ದು. ಬಿಸಿನೀರು ತಾಗಿಸಿದರೆ ಅದು ಬಿಡುತ್ತದೆ, ಮುಂದಿನ ತಲೆಮಾರಿನವರು ಮರಕ್ಕೆ ಪೆಟ್ಟಾಗದಂತೆ ಮತ್ತೆ ಬಿಚ್ಚಬಹುದು. ನಾವು ಹೋದ ಮೇಲೂ ಇದನ್ನು ಯಾರೋ ರಿಪೇರಿ ಮಾಡುತ್ತಾರೆಂಬ ಈ ಎಣಿಕೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಶ್ರುತಿಯದು ಬೇರೆಯೇ ಕಷ್ಟ. ಕೊಳಲಿನಲ್ಲಿ ಆಗುವಂತೆಯೇ ಇಲ್ಲಿನ ಹೆಚ್ಚಿನ ಕೊಳವೆಗಳಲ್ಲೂ ಅಂಚಿಗೆ ಬಡಿದ ಗಾಳಿ ಒಳಗಿನ ಗಾಳಿಯ ಕಂಬವನ್ನು ನಡುಗಿಸಿ ಸ್ವರ ಹುಟ್ಟಿಸುತ್ತದೆ. ಬಿಸಿ ಗಾಳಿಯಲ್ಲಿ ಶಬ್ದದ ವೇಗ ಹೆಚ್ಚು. ಹಾಗಾಗಿ ಕೋಣೆಯ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಸ್ವರ ಅರ್ಧಸ್ವರದ ಹತ್ತಿರಹತ್ತಿರ ಮೂರನೇ ಒಂದು ಪಾಲು ಮೇಲೇರುತ್ತದೆ. ಹಿತ್ತಾಳೆಯ ನಾಲಗೆಯಿರುವ ಕೊಳವೆಗಳು ಅಷ್ಟು ಏರುವುದಿಲ್ಲ. ಎರಡಕ್ಕೂ ಹೊಂದಿಕೆ ತಪ್ಪುತ್ತದೆ. ಕಛೇರಿ ನಡೆಯುವಾಗ ಎಷ್ಟು ಸೆಕೆ ಇರುತ್ತದೋ ಅಷ್ಟೇ ಸೆಕೆಯಲ್ಲಿ ಶ್ರುತಿ ಮಾಡಬೇಕಾಗುವುದು ಇದಕ್ಕೇ.

1955ರಲ್ಲಿ ಇಂಥ ಆಸಕ್ತರು ಅಮೆರಿಕದಲ್ಲಿ ಸಂಘ ಕಟ್ಟಿಕೊಂಡರು, ಅದು ಇಂದಿಗೂ ನಡೆಯುತ್ತಿದೆ. ಮ್ಯೂಸಿಯಮ್ಮಿನ ಗಾಜಿನ ಹಿಂದೆ ಇಟ್ಟರೆ ಈ ವಾದ್ಯ ಉಳಿದಂತಾಗದು. ನುಡಿಸುತ್ತಿದ್ದರೆ ಎಲ್ಲಿ ಗಾಳಿ ಸೋರುತ್ತಿದೆ, ಯಾವ ಕವಾಟ ಅಂಟಿದೆ ಎಂಬುದು ಕೂಡಲೇ ತಿಳಿಯುತ್ತದೆ. ಸಾಧ್ಯವಾದಷ್ಟೂ ಅದು ಹುಟ್ಟಿದ ಕಟ್ಟಡದಲ್ಲೇ ಇರಬೇಕೆಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಕೊಳವೆಗಳಿಗೆ ದನಿ ಕೂಡಿಸಿದ್ದೇ ಆ ಸಭಾಂಗಣಕ್ಕೆ ಹೊಂದುವಂತೆ.

ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್ ಟವರ್ ಬಾಲ್‌ರೂಮಿನಲ್ಲಿ ವುರ್ಲಿಟ್ಜರ್ ಇಂದಿಗೂ ನರ್ತಿಸುವವರಿಗಾಗಿ ನುಡಿಯುತ್ತಿದೆ. ಆ ಕಡೆ ಹೋಗುವ ಅವಕಾಶ ಸಿಕ್ಕರೆ ತಪ್ಪಿಸಿಕೊಳ್ಳಬೇಡಿ. ಹದಿನಾರು ಅಡಿಯ ಕೊಳವೆಯ ಅತಿ ಕೆಳಗಿನ ಸ್ವರ ಸೆಕೆಂಡಿಗೆ ಸುಮಾರು 33 ಕಂಪನ. ಮೊಬೈಲಿನ ಸ್ಪೀಕರ್ ಅದನ್ನು ಕೇಳಿಸಲಾರದು. ಅದನ್ನು ಕೇಳಲು ಅಲ್ಲಿಯೇ ಹೋಗಿ ಕೂರಬೇಕು.