ಜಾರುವ ಸ್ಟೇರಿಂಗಿಗೆ ಚರ್ಮದ ಅಂಗಿ

ದಾವಣಗೆರೆ: ಬೆಳಿಗ್ಗೆ ಹತ್ತೂವರೆ ಗಂಟೆ. ಪಿ.ಬಿ. ರಸ್ತೆಯ ಪಕ್ಕದ ಒಂದು ಕುಶನ್ ಅಂಗಡಿ ಮುಂದೆ ಬಿಳಿ ಬಾಡಿಗೆ ಕಾರೊಂದು ಬಂದು ನಿಂತಿತು. ಡ್ರೈವರ್ ಇಳಿದವನೇ ಎರಡೂ ಅಂಗೈ ಬಿಚ್ಚಿ ತೋರಿಸಿದ. ಅಂಗೈ ತುಂಬ ಕರಿ ಹೊಟ್ಟು. ಸ್ಟೇರಿಂಗಿನ ಮೇಲ್ಪದರ ಎದ್ದೆದ್ದು ಕೈಗೆ ಮೆತ್ತಿಕೊಳ್ಳುತ್ತಿತ್ತು.

"ಯಜಮಾನ್ರೇ, ಉಣ್ಣಾಕ ಕೂತ್ರೆ ಮೊದ್ಲು ಹತ್ತು ನಿಮಿಷ ಕೈ ತಿಕ್ಕಬೇಕಾಗೈತಿ. ಏನರ ಮಾಡಿಕೊಡ್ರಿ."

ಯಜಮಾನರು ಅವನ ಕೈ ನೋಡಲಿಲ್ಲ. ಕಾರಿನ ಒಳಗೆ ಬಗ್ಗಿ ಹಿಂದಿನ ಸೀಟಿನ ಮೇಲೆ ಬಿದ್ದಿದ್ದ ಒಂದು ರಬ್ಬರಿನಂಥ ಬಳೆಯನ್ನು ಎತ್ತಿಕೊಂಡರು. ಮೇಲಿಂದ ತೊಡಿಸುವ ರೆಡಿಮೇಡ್ ಸ್ಟೇರಿಂಗ್ ಕವರ್ ಅದು.

"ಇದನ್ನ ಯಾಕ ತೆಗೆದೀ ತಮ್ಮಾ?"

ಡ್ರೈವರ್ ಸ್ವಲ್ಪ ತಡೆದು ಹೇಳಿದ. ಹರಿಹರದ ಕಡೆಯಿಂದ ಬರುತ್ತಿದ್ದನಂತೆ, ಸಂಜೆ ಹೊತ್ತು. ಹಿಂದೆ ಒಬ್ಬ ಬಾಣಂತಿ, ಅವಳ ತಾಯಿ, ಕೂಸು. ಎದುರಿಗೆ ಎಮ್ಮೆ ಅಡ್ಡ ಬಂತೆಂದು ಸ್ಟೇರಿಂಗ್ ಎಳೆದರೆ ಕವರ್ ತಿರುಗಿತು, ಚಕ್ರ ತಿರುಗಲಿಲ್ಲ! ಎರಡನೇ ಸಲ ಗಟ್ಟಿಯಾಗಿ ಹಿಡಿದು ಎಳೆದಾಗ ಗಾಡಿ ಮಗ್ಗಲಿಗೆ ಹೋಯಿತು. ಎಮ್ಮೆಯೂ ಉಳಿಯಿತು, ಒಳಗಿದ್ದವರೂ ಉಳಿದರು. ಬಾಣಂತಿಗೆ ಏನೂ ಗೊತ್ತಾಗಲೇ ಇಲ್ಲ. ಗೊತ್ತಾದದ್ದು ಇವನೊಬ್ಬನಿಗೆ. ಅಂದು ರಾತ್ರಿಯೇ ಕವರ್ ಕಿತ್ತು ಹಿಂದಕ್ಕೆ ಎಸೆದ.

ಇಂಥ ಕವರುಗಳು ಪೇಟೆಯಲ್ಲಿ ಇನ್ನೂರು, ಮುನ್ನೂರು ರೂಪಾಯಿಗೆ ಸಿಗುತ್ತವೆ. ಕೆಂಪು, ನೀಲಿ, ಹೊಳೆಯುವುದು, ಮುಳ್ಳುಮುಳ್ಳಾಗಿರುವುದು, ಎಲ್ಲ ತರಹವೂ ಇವೆ. ಅಳತೆ ಸರಿಯಿದ್ದು ಬಿಗಿಯಾಗಿ ಕೂತರೆ ಕೆಲವು ತಿಂಗಳು ತೊಂದರೆ ಇಲ್ಲ. ಆದರೆ ಬಿಸಿಲಿಗೆ ಹಿಗ್ಗಿ ಸಡಿಲವಾದ ಮೇಲೆ ಅದು ಕೈಗೂ ಚಕ್ರಕ್ಕೂ ನಡುವೆ ನಿಂತ ದಲ್ಲಾಳಿಯಂತೆ. ನೀವು ಹೇಳಿದ್ದು ಅತ್ತ ಮುಟ್ಟುತ್ತದೆಂಬ ಭರವಸೆಯಿಲ್ಲ. ಮಾರುವ ಅಂಗಡಿಯವರು ಅಳತೆ ಕೇಳಿ ಕೊಟ್ಟರೆ ಗಿರಾಕಿ ಬದುಕುತ್ತಾನೆ, ಮತ್ತೆ ಬರುತ್ತಾನೆ.

ಬಸ್ಸಿನಲ್ಲಿ ಮುಂದಿನ ಸೀಟು ಹಿಡಿಯುವ ಪ್ರಯಾಣಿಕರು ಇನ್ನೊಂದು ಬಗೆ ನೋಡಿರುತ್ತಾರೆ. ಖಾಸಗಿ ಬಸ್ಸು, ಲಾರಿಗಳ ದೊಡ್ಡ ಸ್ಟೇರಿಂಗಿಗೆ ಬಣ್ಣದ ಪ್ಲಾಸ್ಟಿಕ್ ವೈರನ್ನು ಬುಟ್ಟಿ ಹೆಣೆದಂತೆ ಬಿಗಿಯಾಗಿ ಹೆಣೆದಿರುತ್ತಾರೆ. ಅದು ಜಾರುವುದಿಲ್ಲ, ಯಾಕೆಂದರೆ ಅದನ್ನು ತೊಡಿಸಿದ್ದಲ್ಲ, ಕಟ್ಟಿದ್ದು. ಚರ್ಮ ಹೊಲಿಯುವುದರ ಗುಟ್ಟೂ ಅಷ್ಟೇ.

ಹಿಂದೆ ಈ ರಗಳೆ ಇರಲಿಲ್ಲ. ಅಂಬಾಸಿಡರ್ ಕಾರಿನ ಸ್ಟೇರಿಂಗ್ ನೆನಪಿದೆಯಲ್ಲ? ದೊಡ್ಡದು, ಸಪೂರ, ಗಟ್ಟಿ. ಬಿಸಿಲಿಗೆ ಬಿರುಕು ಬಿಡುತ್ತಿತ್ತೇ ಹೊರತು ಸುಲಿಯುತ್ತಿರಲಿಲ್ಲ. ಆ ಕಾರಿನ ತಯಾರಿಕೆ 2014ರಲ್ಲಿ ನಿಂತೇ ಹೋಯಿತು. ಈಗಿನ ಕಾರುಗಳಲ್ಲಿ ಲೋಹದ ಬಳೆಯ ಮೇಲೆ ಮೆತ್ತನೆಯ ಫೋಮು, ಅದರ ಮೇಲೊಂದು ತೆಳುಪದರ. ಕೈಗೆ ಹಿತ, ಬಾಳಿಕೆ ಕಮ್ಮಿ. ಬೆವರಿನ ಉಪ್ಪು, ಕೈಗೆ ಹಚ್ಚಿದ ಎಣ್ಣೆ, ಗಾಜಿನೊಳಗಿಂದ ಸುಡುವ ಬಿಸಿಲು, ಎಲ್ಲ ಸೇರಿ ಮೇಲ್ಪದರವನ್ನು ತಿನ್ನುತ್ತವೆ. 2020ರ ಕೊರೊನಾ ಕಾಲದಲ್ಲಿ ಬಾಡಿಗೆ ಡ್ರೈವರುಗಳು ಗಂಟೆಗೊಮ್ಮೆ ಸ್ಯಾನಿಟೈಸರ್ ಹಚ್ಚಿ ಒದ್ದೆ ಕೈಯಲ್ಲೇ ಸ್ಟೇರಿಂಗ್ ಹಿಡಿದರು. ಅದರಲ್ಲಿರುವ ಸ್ಪಿರಿಟ್ಟು ರೋಗಾಣುವಿನ ಜತೆ ಬಣ್ಣವನ್ನೂ ಎಬ್ಬಿಸುತ್ತದೆ.

ಹೊಲಿಗೆಯ ಮಾತಿಗೆ ಬರೋಣ.

ಯಜಮಾನರು ಮೊದಲು ಮಾಡಿದ್ದು ಅಳತೆ. ಚಕ್ರದ ಅಡ್ಡಗಲ 37 ಸೆಂಟಿಮೀಟರ್. ಹಾಗಾದರೆ ಹೊರಸುತ್ತು ಸುಮಾರು 116 ಸೆಂಟಿಮೀಟರ್. ಹಿಡಿಕೆಯ ದಪ್ಪವನ್ನು ಸುತ್ತಿ ಅಳೆದರೆ ಒಂಬತ್ತೂವರೆ. ಹಿಡಿಕೆ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ಹೆಬ್ಬೆರಳು ಕೂರುವ ಜಾಗದಲ್ಲಿ ಉಬ್ಬು, ಕೆಳಗೆ ಸಣ್ಣ. ಅದಕ್ಕೆ ಟೇಪು ನಂಬುವಂತಿಲ್ಲ. ಚಕ್ರಕ್ಕೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಕಾಗದದ ಗಮ್ ಟೇಪು ಅಂಟಿಸಿ, ಹೊಲಿಗೆ ಬರಬೇಕಾದ ಗೆರೆಯನ್ನು ಪೆನ್ನಿನಲ್ಲಿ ಎಳೆದು, ಬ್ಲೇಡಿನಿಂದ ಸೀಳಿ ಸುಲಿದು ತೆಗೆದರು. ಹಲಸಿನ ತೊಳೆಯಂತೆ ಬಿಚ್ಚಿಕೊಂಡ ಆ ಚಿಪ್ಪನ್ನು ರಟ್ಟಿನ ಮೇಲೆ ಚಪ್ಪಟೆ ಮಾಡಿದರೆ ಅದೇ ಕತ್ತರಿಸುವ ಪಡಿಯಚ್ಚು. ಒಟ್ಟು ನಾಲ್ಕು ತುಂಡು.

ಚರ್ಮ ಕತ್ತರಿಸುವಾಗ ಅಚ್ಚಿಗಿಂತ ಒಂದು ಕೂದಲೆಳೆ ಕಮ್ಮಿಯೇ ಕತ್ತರಿಸಬೇಕು. ಎಳೆದು ಹೊಲಿದಾಗ ಅದು ಮೈಗೆ ಕಚ್ಚಿ ಕೂರಬೇಕು. ಸರಿಸಮ ಕತ್ತರಿಸಿದರೆ ಆರು ತಿಂಗಳಲ್ಲಿ ಸುಕ್ಕು. ತೀರ ಕಮ್ಮಿ ಕತ್ತರಿಸಿದರೆ ಹೊಲಿಗೆಯ ತೂತು ಹರಿದು ಬಾಯಿ ಬಿಡುತ್ತದೆ. ಈ ಕೂದಲೆಳೆಯ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. ಚರ್ಮವನ್ನು ಎರಡು ಕೈಯಲ್ಲಿ ಎಳೆದು ನೋಡಿದಾಗ ಬೆರಳು ಹೇಳಬೇಕು.

ಚರ್ಮವೆಂದರೆ ಎಲ್ಲವೂ ನಡೆಯುವುದಿಲ್ಲ. ಹಳ್ಳಿಯಲ್ಲಿ ತಂಗಡಿ ತೊಗಟೆ ಹಾಕಿ ಹದ ಮಾಡುತ್ತಿದ್ದ ಚರ್ಮ ಮೆಟ್ಟಿಗೆ, ಬಾರುಕೋಲಿಗೆ ಸರಿ. ಗಟ್ಟಿ ಮುಟ್ಟು, ಆದರೆ ಬಾಗುವ ಗುಣ ಕಮ್ಮಿ. ಸ್ಟೇರಿಂಗಿಗೆ ಬೇಕಾದದ್ದು ಕ್ರೋಮ್ ಹದದ, ಮೃದುವಾದ, ಒಂದು ಮಿಲಿಮೀಟರಿಗಿಂತ ಚೂರು ದಪ್ಪದ ಚರ್ಮ. ತಮಿಳುನಾಡಿನ ರಾಣಿಪೇಟೆ, ಆಂಬೂರು, ವಾಣಿಯಂಬಾಡಿಗಳು ಚರ್ಮ ಹದ ಮಾಡುವುದಕ್ಕೆ ಹೆಸರಾದ ಊರುಗಳು. ಮಾರಾಟ ಚದರ ಅಡಿ ಲೆಕ್ಕದಲ್ಲಿ. ಒಂದು ಸ್ಟೇರಿಂಗಿಗೆ ಅಂಟುವುದು ಒಂದೂಕಾಲು ಚದರ ಅಡಿ. ಕತ್ತರಿಸಿದ ಚೂರುಪಾರು ಸೇರಿದರೆ ಎರಡು ಬೇಕು.

ಅಸಲಿ ಚರ್ಮ ಎಂದು ರೆಕ್ಸಿನ್ ಮಾರುವವರಿಗೆ ಎಲ್ಲ ಊರಿನಲ್ಲೂ ಬರ ಇಲ್ಲ. ಗಿರಾಕಿ ನೋಡಬೇಕಾದದ್ದು ಮೇಲ್ಭಾಗವಲ್ಲ, ಕೆಳಭಾಗ. ಅಸಲಿಯ ಕೆಳಗೆ ನಾರು ನಾರಾಗಿ ನವಿರು ಇರುತ್ತದೆ. ರೆಕ್ಸಿನ್ ಕೆಳಗೆ ಬಟ್ಟೆಯ ನೇಯ್ಗೆ ಕಾಣುತ್ತದೆ. ಕತ್ತರಿಸಿದ ಚೂರನ್ನು ಬೆಂಕಿಗೆ ಹಿಡಿದರೆ ಅಸಲಿ ಕೂದಲು ಸುಟ್ಟ ವಾಸನೆ ಬರುತ್ತದೆ, ನಕಲಿ ಪ್ಲಾಸ್ಟಿಕ್ಕಿನಂತೆ ಕರಗಿ ಮುದ್ದೆಯಾಗುತ್ತದೆ. ಚೂರು ತೋರಿಸಲು ಒಲ್ಲೆ ಎನ್ನುವ ಅಂಗಡಿಯಿಂದ ಹಾಗೇ ಎದ್ದು ಬರುವುದು ಒಳ್ಳೆಯದು.

ಅಂಚುಗಳನ್ನು ರಂಪಿಗೆಯಿಂದ ಹೆರೆದು ತೆಳ್ಳಗೆ ಮಾಡಿದರು. ಇಲ್ಲದಿದ್ದರೆ ಎರಡು ಅಂಚು ಕೂಡಿದಲ್ಲಿ ದಿಂಡು ಎದ್ದು ಕೈಗೆ ಒತ್ತುತ್ತದೆ. ಸುಲಿದಿದ್ದ ಹಳೇ ಪದರವನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆದು, ಗುಂಡಿ ಬಿದ್ದಲ್ಲಿ ಸವರಿ ಸಮ ಮಾಡಿದರು. ಆಮೇಲೆ ತೆಳ್ಳಗೆ ಸಲ್ಯೂಷನ್.

ಅಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಹುಡುಗನೊಬ್ಬ, "ಚಕ್ರ ಬಿಚ್ಚಿ ಟೇಬಲ್ ಮೇಲೆ ಇಟ್ಕಂಡ್ರೆ ಬೇಗ ಆಗತೈತಲ್ರಿ" ಎಂದ. ಯಜಮಾನರಿಗೆ ಸಿಟ್ಟು ಬಂತು.

"ನಡುವ ಏನೈತಿ ಗೊತ್ತೇನಲೇ? ಪಟಾಕಿ ಐತಿ!"

ಪಟಾಕಿ ಎಂದದ್ದು ಏರ್‌ಬ್ಯಾಗನ್ನು. ಮಾತು ಒರಟಾದರೂ ಸುಳ್ಳಲ್ಲ. ಸ್ಟೇರಿಂಗಿನ ನಡುವಿನ ಮುಚ್ಚಳದ ಒಳಗೆ ಮಡಚಿಟ್ಟ ಚೀಲ, ಅದನ್ನು ಉಬ್ಬಿಸಲು ಕಿಡಿ ತಾಗಿದರೆ ಅನಿಲ ಕಾರುವ ಮದ್ದು ಎರಡೂ ಇರುತ್ತವೆ. ಡಿಕ್ಕಿಯಾದಾಗ ಕಣ್ಣು ರೆಪ್ಪೆ ಬಡಿಯುವುದರೊಳಗೆ ಚೀಲ ಉಬ್ಬಿ ನಿಲ್ಲಬೇಕು. 2019ರ ಜುಲೈ 1ರಿಂದ ದೇಶದಲ್ಲಿ ತಯಾರಾಗುವ ಕಾರುಗಳಿಗೆ ಡ್ರೈವರ್ ಕಡೆಯ ಏರ್‌ಬ್ಯಾಗ್ ಕಡ್ಡಾಯವಾಯಿತು. ಅಂದರೆ ಈಗ ಕುಶನ್ ಅಂಗಡಿಗೆ ಬರುವ ಸಾಧಾರಣ ಕಾರಿನಲ್ಲೂ ಅದು ಕೂತಿದೆ. ಚಕ್ರ ಬಿಚ್ಚಲೇಬೇಕಾದರೆ ಬ್ಯಾಟರಿ ವೈರು ತೆಗೆದು, ಕಾರಿನ ಪುಸ್ತಕದಲ್ಲಿ ಹೇಳಿದಷ್ಟು ಹೊತ್ತು ಕಾದು, ಆಮೇಲೆ ಬಲ್ಲವರೇ ಮುಟ್ಟಬೇಕು. ಟೆಸ್ಟರ್ ಹಾಕಿ ಕರೆಂಟು ಬರುತ್ತದೋ ನೋಡುವ ಚಾಳಿ ಇಲ್ಲಿ ಸಲ್ಲ. ಬಿಚ್ಚಿದ್ದನ್ನು ನೆಲದ ಮೇಲೆ ಬೋರಲು ಇಡಬಾರದು, ಮುಖ ಮೇಲಕ್ಕೆ ಇರಬೇಕು.

ಎಲ್ಲಕ್ಕಿಂತ ಮುಖ್ಯ, ನಡುವಿನ ಮುಚ್ಚಳಕ್ಕೆ ಚರ್ಮ ಹೊಲಿಯಕೂಡದು, ಅಂಟಿಸಕೂಡದು. ಅದು ಸೀಳಿಕೊಂಡು ತೆರೆಯುವುದಕ್ಕೆಂದೇ ಮಾಡಿದ್ದು. ಕೆಲವರು ಅಲ್ಲಿ ದೇವರ ಲೋಹದ ಮುದ್ರೆ, ಮಗಳ ಹೆಸರು, ಹೊಳೆಯುವ ಕಲ್ಲು ಅಂಟಿಸಿರುತ್ತಾರೆ. ಭಕ್ತಿಯೂ ಪ್ರೀತಿಯೂ ಡ್ಯಾಶ್‌ಬೋರ್ಡಿನಲ್ಲಿ ಇರಲಿ. ಚೀಲ ಸಿಡಿದಾಗ ಅದು ಗುಂಡಿನಂತೆ ಮುಖಕ್ಕೇ ಬರುತ್ತದೆ.

ಆದ್ದರಿಂದ ಯಜಮಾನರು ಚಕ್ರವನ್ನು ಕಾರಿನಲ್ಲೇ ಬಿಟ್ಟು ಡ್ರೈವರ್ ಸೀಟಿನಲ್ಲಿ ಕೂತು ಹೊಲಿಯುತ್ತಾರೆ. ಬೆನ್ನಿಗೆ ಕಷ್ಟ, ಗಿರಾಕಿಗೆ ಕ್ಷೇಮ.

ಮೇಣ ಸವರಿದ ದಾರದ ಎರಡು ತುದಿಗೂ ಒಂದೊಂದು ಸೂಜಿ. ತೂತುಗಳನ್ನು ಮೊದಲೇ ಐದೈದು ಮಿಲಿಮೀಟರಿಗೆ ಒಂದರಂತೆ ಹೊಡೆದಾಗಿತ್ತು. ಹೊಲಿಗೆ ಬರುವುದು ಚಕ್ರದ ಒಳಸುತ್ತಿನಲ್ಲಿ, ಅಂಗೈ ತಾಗದ ಜಾಗದಲ್ಲಿ. ಒಳಸುತ್ತು ಸುಮಾರು 97 ಸೆಂಟಿಮೀಟರ್. ಅಡ್ಡಪಟ್ಟಿಗಳ ಜಾಗ ಬಿಟ್ಟರೂ ನೂರೈವತ್ತರ ಮೇಲೆ ಹೊಲಿಗೆ, ಎರಡೂ ಅಂಚು ಸೇರಿ ಮುನ್ನೂರಕ್ಕೂ ಹೆಚ್ಚು ತೂತು. ಎಡಗಡೆಯ ಸೂಜಿ ಬಲಕ್ಕೆ, ಬಲಗಡೆಯದು ಎಡಕ್ಕೆ, ಹೆಣ್ಣುಮಕ್ಕಳ ಜಡೆ ಹೆಣೆದಂತೆ. ಪ್ರತಿ ಹೊಲಿಗೆಗೂ ಒಂದೇ ಬಿಗಿ. ಮಧ್ಯೆ ಚಹಾ ಬಂದರೂ ಹಿಡಿದ ಸಾಲು ಮುಗಿಯುವ ತನಕ ಅವರು ಕುಡಿಯಲಿಲ್ಲ. ಕೈ ಬಿಟ್ಟು ಮತ್ತೆ ಹಿಡಿದರೆ ಬಿಗಿ ಬದಲಾಗುತ್ತದಂತೆ.

ಅಡ್ಡಪಟ್ಟಿ ಕೂಡುವಲ್ಲಿ ಚರ್ಮದ ಅಂಚನ್ನು ಸಂದಿನೊಳಗೆ ತುರುಕಬೇಕು. ಅದಕ್ಕೆ ಅವರ ಆಯುಧ ಅವಧಿ ಮುಗಿದ ಎ.ಟಿ.ಎಂ. ಕಾರ್ಡು! ಬ್ಯಾಂಕಿನಿಂದ ತನಗೆ ಸಿಕ್ಕ ಉಪಕಾರ ಇದೊಂದೇ ಎಂದು ನಕ್ಕರು.

ಡ್ರೈವರ್ ಮಾತ್ರ ನಗುವ ಸ್ಥಿತಿಯಲ್ಲಿರಲಿಲ್ಲ. ಗಾಡಿ ನಿಂತಿದೆ. ಮಧ್ಯಾಹ್ನ ಚನ್ನಗಿರಿಗೆ ಒಂದು ಬಾಡಿಗೆ ಕೇಳಿ ಫೋನು ಬಂತು, ಬಿಟ್ಟ. ಮೂರು ಗಂಟೆಗೆ ಇನ್ನೊಂದು, ಅದನ್ನೂ ಬಿಟ್ಟ. ಸಾಲದ ಕಂತಿನ ದಿನ ಹತ್ತಿರ ಬಂದಿದೆ. ಚರ್ಮದ ಖರ್ಚು, ಕೂಲಿ, ಕಳೆದುಕೊಂಡ ಎರಡು ಬಾಡಿಗೆ, ಮೂರನ್ನೂ ಕೂಡಿಸಿ ಬೆರಳು ಎಣಿಸುತ್ತ ಅಂಗಡಿ ಕಟ್ಟೆಯ ಮೇಲೆ ಕೂತಿದ್ದ. "ರೆಕ್ಸಿನ್ ಹಾಕಿದ್ರೆ ಅರ್ಧದಾಗ ಮುಗೀತಿತ್ತೇನ್ರಿ?" ಎಂದು ಒಮ್ಮೆ ಕೇಳಿಯೂ ಕೇಳಿದ.

"ಮುಗೀತಿತ್ತು. ಬೆವರು ಹೀರಂಗಿಲ್ಲ ತಮ್ಮಾ, ಬ್ಯಾಸಿಗ್ಯಾಗ ಜಾರತೈತಿ. ಆ ಕೂಸಿನ್ನ ನೆನಸಿಕೋ."

ಡ್ರೈವರ್ ಮತ್ತೆ ಕೇಳಲಿಲ್ಲ.

ಈ ಕೆಲಸ ಕಲಿಯಲು ಯಾರೂ ಬರುತ್ತಿಲ್ಲ ಎಂಬುದು ಯಜಮಾನರ ಕೊರಗು. ಸೀಟು ಕವರುಗಳು ಈಗ ಕಾರಿನ ಹೆಸರು ಹೇಳಿದರೆ ಪೆಟ್ಟಿಗೆಯಲ್ಲಿ ಹೊಲಿದೇ ಬರುತ್ತವೆ. ಅಂಗಡಿಯ ಹುಡುಗರಿಗೆ ಅವನ್ನು ಎಳೆದು ಹುಕ್ಕು ಹಾಕಲು ಬಂದರೆ ಸಾಕು. ಸ್ವಂತ ಮಗ ಮೊಬೈಲ್ ಅಂಗಡಿ ಸೇರಿದ್ದಾನೆ. ಅವರ ಕಣ್ಣು ಮಂಜಾಗಿ ದಾರ ಪೋಣಿಸಲು ಈಗ ಎದುರು ಚಹಾದಂಗಡಿಯ ಹುಡುಗನನ್ನು ಕೂಗಬೇಕು. ಪೋಣಿಸಿ ಕೊಟ್ಟರೆ ಮಾತ್ರ ಹೊಲಿಗೆ ನೋಡದೆಯೇ ನಡೆಯುತ್ತದೆ.

ಸಂಜೆ ಐದೂಕಾಲಿಗೆ ಕಡೇ ಗಂಟು ಬಿತ್ತು. ಗಂಟನ್ನು ಚರ್ಮದ ಅಡಿಗೆ ಸೇರಿಸಿ, ಸುಕ್ಕಿದ್ದ ಎರಡು ಕಡೆ ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಹಿಡಿದು ಬೆರಳಲ್ಲಿ ತೀಡಿದರು. ಸ್ಟೇರಿಂಗನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ ನೋಡಿದರು. ಹಾರನ್ ಒತ್ತಿದರು. ಕೀಲಿ ತಿರುಗಿಸಿ ಏರ್‌ಬ್ಯಾಗಿನ ಕೆಂಪು ದೀಪ ಹೊತ್ತಿ ಆರಿತೇ ಎಂದು ನೋಡಿದರು. ಆರಿತು.

"ಪಾಲಿಶು, ಎಣ್ಣಿ ಏನೂ ಹಚ್ಚಬ್ಯಾಡ. ಮಿಂಚತೈತಿ, ಆದ್ರ ಜಾರತೈತಿ. ಒದ್ದೆ ಬಟ್ಟಿ ಹಿಂಡಿ ಒರೆಸು, ಸಾಕು. ಬಿಸಿಲಾಗ ನಿಲ್ಲಿಸಿದ್ರೆ ಮ್ಯಾಲೊಂದು ಟವಲ್ ಹಾಕು."

ಡ್ರೈವರ್ ದುಡ್ಡು ಎಣಿಸಿ ಕೊಟ್ಟ. ಇನ್ನೂರು ಕಮ್ಮಿ ಇತ್ತು, ಶನಿವಾರ ಕೊಡುತ್ತೇನೆಂದ. ಯಜಮಾನರು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದುಕೊಂಡರು. ಹಿಂದಿನ ಸೀಟಿನ ಆ ರಬ್ಬರ್ ಬಳೆಯನ್ನು ಡ್ರೈವರ್ ಅಲ್ಲೇ ಬಿಟ್ಟು ಹೋಗಹೊರಟಾಗ, ಇದನ್ನೇಕೆ ನನ್ನ ತಲೆಗೆ ಕಟ್ಟುತ್ತೀ ಎಂದು ಅವರು ತಿರುಗಿ ಕಾರಿನೊಳಕ್ಕೇ ಎಸೆದರು. ಅಷ್ಟರಲ್ಲಿ ಸೀಟು ಹರಿದ ಆಟೋ ಒಂದು ಬಂದು ನಿಂತಿತ್ತು.