ಪೆಡಲ್ ತುಳಿದ ಮಾತ್ರಕ್ಕೆ ಕಾಲು ವಾಸಿಯಾಯಿತೇ?

2023ರ ಅಕ್ಟೋಬರ್ 19ರಂದು ಪುಣೆಯಲ್ಲಿ ಬಾಂಗ್ಲಾದೇಶದ ವಿರುದ್ಧ ವಿಶ್ವಕಪ್ ಪಂದ್ಯ ನಡೆದಿತ್ತು. ಹಾರ್ದಿಕ್ ಪಾಂಡ್ಯ ತಮ್ಮ ಮೊದಲ ಓವರಿನಲ್ಲಿದ್ದರು. ಲಿಟನ್ ದಾಸ್ ನೇರವಾಗಿ ಬಾರಿಸಿದ ಚೆಂಡನ್ನು ಕಾಲಿನಿಂದ ತಡೆಯಲು ಹೋಗಿ ಜಾರಿದರು, ಎಡಗಾಲಿನ ಕಣಕಾಲು ತಿರುಚಿಕೊಂಡಿತು. ಓವರಿನ ಉಳಿದ ಮೂರು ಎಸೆತಗಳನ್ನು ವಿರಾಟ್ ಕೊಹ್ಲಿ ಹಾಕಬೇಕಾಯಿತು. ಪಾಂಡ್ಯ ಚೇತರಿಕೆಗೆಂದು ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಗೆ ಬಂದರು. ಎರಡು ವಾರ ಕಾದರೂ ಕಾಲು ಪಂದ್ಯಕ್ಕೆ ಸಿದ್ಧವಾಗಲಿಲ್ಲ. ನವೆಂಬರ್ 4ರಂದು ಅವರ ಜಾಗಕ್ಕೆ ಕರ್ನಾಟಕದ ಪ್ರಸಿದ್ಧ ಕೃಷ್ಣ ಆಯ್ಕೆಯಾದರು. ಪಾಂಡ್ಯ ದೊಡ್ಡ ಪಂದ್ಯಗಳಿಗೆ ಮರಳಿದ್ದು ಮರುವರ್ಷದ ಮಾರ್ಚ್‌ನಲ್ಲಿ, ಐಪಿಎಲ್ ಶುರುವಾದಾಗ.

ವೈದ್ಯರು, ಫಿಸಿಯೋಗಳು, ಸ್ಕ್ಯಾನಿಂಗ್ ಯಂತ್ರಗಳು ಎಲ್ಲವೂ ಕೈಯಳತೆಯಲ್ಲಿದ್ದ ಆಟಗಾರನಿಗೇ ಇಷ್ಟು ಕಾಲ ಹಿಡಿಯಿತು. ನಮ್ಮ ಮನೆಗಳಲ್ಲಿ ಮಾತ್ರ ಉಳುಕೆಂದರೆ ಇಂದಿಗೂ ಸಣ್ಣ ಮಾತು. ಬಿಸಿ ಎಣ್ಣೆ ಹಚ್ಚಿ ನೀವಿಸಿಕೊಂಡು, ಗೊತ್ತಿದ್ದವರ ಹತ್ತಿರ ಉಳುಕು ತೆಗೆಸಿ, ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡು ನಾಲ್ಕನೇ ದಿನಕ್ಕೆ ಕೆಲಸಕ್ಕೆ ಹೊರಡುವವರೇ ಹೆಚ್ಚು. ಸೈಕಲ್ ಸವಾರರಲ್ಲಿ ಇದರ ಜತೆಗೆ ಇನ್ನೊಂದು ನಂಬಿಕೆ ಸೇರಿಕೊಂಡಿದೆ: ನೋವಿಲ್ಲದೆ ಪೆಡಲ್ ತುಳಿಯಲು ಬಂತೆಂದರೆ ಕಾಲು ವಾಸಿಯಾದಂತೆ. ಇದರಲ್ಲಿ ಅರ್ಧ ಸತ್ಯವಿದೆ. ಉಳುಕಿದ ಕಾಲು ಓಟ, ಜಿಗಿತಗಳಿಗಿಂತ ಎಷ್ಟೋ ಮೊದಲು ಸೈಕಲ್ಲಿಗೆ ಒಗ್ಗುತ್ತದೆ, ಕಷ್ಟಪಟ್ಟು ಗಳಿಸಿದ ದಮ್ಮನ್ನು ಉಳಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ದಾರಿಯೂ ಇಲ್ಲ. ಆದರೆ ಕಣಕಾಲು ನಿಜಕ್ಕೂ ಗಟ್ಟಿಯಾಗಿದೆಯೇ ಎಂಬುದನ್ನು ಸೈಕಲ್ ಹೇಳಲಾರದು.

ಹೆಚ್ಚಿನ ಉಳುಕುಗಳಲ್ಲಿ ಪಾದ ಒಳಮಗ್ಗುಲಿಗೆ ಹೊರಳುತ್ತದೆ, ಮೈಭಾರವೆಲ್ಲ ಹೊರಗಿನ ಅಂಚಿಗೆ ಬೀಳುತ್ತದೆ. ಹೊರಗಡೆಯ ಕಾಲ್ಗಂಟನ್ನು ಪಾದದ ಮೂಳೆಗಳಿಗೆ ಬಿಗಿದಿರುವ ಮೂರು ಲಿಗಮೆಂಟುಗಳಿವೆ. ಅವುಗಳಲ್ಲಿ ಮುಂದಿನದು ಎಲ್ಲಕ್ಕಿಂತ ದುರ್ಬಲ, ಮೊದಲು ಜಗ್ಗುವುದೂ ಹರಿಯುವುದೂ ಅದೇ. ಬೆರಳುಗಳು ಕೆಳಮುಖವಾಗಿದ್ದಾಗ ಅದು ಇನ್ನಷ್ಟು ಬಿಗಿದುಕೊಂಡಿರುತ್ತದೆ. ಮೆಟ್ಟಿಲಿಳಿಯುವಾಗ, ಫುಟ್‌ಪಾತಿನ ಅಂಚಿನಿಂದ ಕಾಲು ಜಾರಿದಾಗ ಉಳುಕುವುದು ಅದಕ್ಕೇ. ಎಳೆಗಳು ಬರೀ ಜಗ್ಗಿದ್ದರೆ ಅದು ಮೊದಲ ದರ್ಜೆಯ ಉಳುಕು, ಸ್ವಲ್ಪ ಹರಿದಿದ್ದರೆ ಎರಡನೆಯದು, ಪೂರ್ತಿ ಹರಿದಿದ್ದರೆ ಮೂರನೆಯದು. ಮೊದಲನೆಯದು ಒಂದೆರಡು ವಾರಗಳಲ್ಲಿ ಹಗುರಾಗುತ್ತದೆ. ಮೂರನೆಯದಕ್ಕೆ ತಿಂಗಳುಗಳು ಬೇಕು.

ಉಳುಕೋ ಮುರಿತವೋ ಎಂಬುದು ಮೊದಲ ಪ್ರಶ್ನೆ. ಕೆನಡಾದ ಒಟ್ಟಾವಾದಲ್ಲಿ ಇಯಾನ್ ಸ್ಟೀಲ್ ಎಂಬ ತುರ್ತು ಚಿಕಿತ್ಸಾ ವೈದ್ಯರ ತಂಡ ಇದಕ್ಕೆ 1992ರಲ್ಲಿ ಸರಳ ಸೂತ್ರವೊಂದನ್ನು ಪ್ರಕಟಿಸಿತು. ಇಂದು ಅನೇಕ ದೇಶಗಳ ಆಸ್ಪತ್ರೆಗಳಲ್ಲಿ ಅದು ಬಳಕೆಯಲ್ಲಿದೆ. ಯಾವುದಾದರೂ ಒಂದು ಬದಿಯ ಕಾಲ್ಗಂಟಿನ ತುದಿಯನ್ನೋ ಹಿಂಬದಿಯ ಅಂಚನ್ನೋ ಒತ್ತಿದಾಗ ಮೂಳೆಯಲ್ಲೇ ನೋವಿದ್ದರೆ, ಕಿರುಬೆರಳಿನ ಸಾಲಿನಲ್ಲಿ ಪಾದದ ನಡುವೆ ಉಬ್ಬಿರುವ ಮೂಳೆಯೋ ಪಾದದ ಒಳಬದಿಯ ಮೂಳೆಯೋ ಒತ್ತಿದರೆ ನೋಯುತ್ತಿದ್ದರೆ, ಅಥವಾ ಬಿದ್ದ ಕೂಡಲೇ ಮತ್ತು ಆಸ್ಪತ್ರೆಗೆ ಬಂದಾಗ ನಾಲ್ಕು ಹೆಜ್ಜೆ ಇಡಲೂ ಆಗದಿದ್ದರೆ ಎಕ್ಸ್‌ರೇ ಬೇಕು. ಕುಂಟುತ್ತ ನಡೆದರೂ ಅದು ಹೆಜ್ಜೆಯೇ. ಬೂಟಿನ ಅಟ್ಟೆಯ ಕೊಂಡಿ (ಕ್ಲೀಟ್) ಪೆಡಲಿಗೆ ಸಿಕ್ಕಿಕೊಂಡಿರುವಾಗಲೇ ಬಿದ್ದ ಸವಾರರು ಇನ್ನೊಂದು ಕಡೆಗೂ ಗಮನ ಕೊಡಬೇಕು. ಪಾದ ಹೊರಕ್ಕೆ ತಿರುಚಿಕೊಂಡು, ನೋವು ಕಾಲ್ಗಂಟಿಗಿಂತ ಮೇಲೆ, ಕಾಲಿನ ಎರಡು ಮೂಳೆಗಳ ನಡುವೆ ಇದ್ದರೆ ಅದು ಬೇರೆ ಬಗೆಯ ಗಾಯ. ಅದು ಮಾಯಲು ಹೆಚ್ಚು ಕಾಲ ಬೇಕು, ತಜ್ಞರ ಕಣ್ಣಿಗೆ ಬೀಳಲೇಬೇಕು.

ಮೊದಲ ದಿನಗಳ ಆರೈಕೆಯ ಬಗ್ಗೆ ವೈದ್ಯಲೋಕದ ಮಾತೇ ಬದಲಾಗಿದೆ. ವಿಶ್ರಾಂತಿ, ಐಸ್, ಬಿಗಿಕಟ್ಟು, ಕಾಲು ಎತ್ತರಿಸಿ ಇಡುವುದು ಎಂಬ ನಾಲ್ಕು ಸೂತ್ರಗಳನ್ನು ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ 1978ರ ತಮ್ಮ ಪುಸ್ತಕದಲ್ಲಿ ಕೊಟ್ಟಿದ್ದರು. ಐಸ್ ಮತ್ತು ಪೂರ್ಣ ವಿಶ್ರಾಂತಿ ಗಾಯ ಮಾಯುವುದನ್ನು ನಿಧಾನಗೊಳಿಸಬಹುದು ಎಂದು 2014ರಲ್ಲಿ ಅವರೇ ತಿದ್ದಿ ಬರೆದರು. ಊತವೂ ದೇಹದ ರಿಪೇರಿ ಕೆಲಸದ ಒಂದು ಭಾಗ ಎಂಬ ಅರಿವು ಈಗ ಬಲವಾಗಿದೆ. ನೋವು ತಡೆಯಲಾಗದಿದ್ದರೆ ಬಟ್ಟೆಯಲ್ಲಿ ಸುತ್ತಿದ ಐಸನ್ನು ಸ್ವಲ್ಪ ಹೊತ್ತು ಇಡಬಹುದು, ಬ್ಯಾಂಡೇಜು, ಕಾಲನ್ನು ದಿಂಬಿನ ಮೇಲಿಡುವುದು ಈಗಲೂ ಸರಿ. ಬಿಸಿ ಎಣ್ಣೆಯ ಉಜ್ಜಾಟ ಮಾತ್ರ ಮೊದಲ ಎರಡು ಮೂರು ದಿನ ಬೇಡವೇ ಬೇಡ. ಒಳಗೆ ಹರಿದ ರಕ್ತನಾಳಗಳು ಇನ್ನೂ ಮುಚ್ಚಿಕೊಳ್ಳುತ್ತಿರುವಾಗ ಕಾವು ಮತ್ತು ಒತ್ತಡ ಸೇರಿದರೆ ಊತ ಹೆಚ್ಚುತ್ತದೆ.

ಬೇಗ ಅಲುಗಾಡಿಸುವುದು ಒಳ್ಳೆಯದೆಂಬುದಕ್ಕೆ ಪುರಾವೆಯಿದೆ. ಉತ್ತರ ಐರ್ಲೆಂಡಿನಲ್ಲಿ ಕ್ರಿಸ್ ಬ್ಲೀಕ್ಲಿ ಮತ್ತು ಸಂಗಡಿಗರು 101 ಜನರ ಮೇಲೆ ನಡೆಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಮೊದಲ ವಾರದಲ್ಲೇ ಕಣಕಾಲಿನ ವ್ಯಾಯಾಮ ಶುರುಮಾಡಿದವರ ಕಾಲು ಆರಂಭದ ವಾರಗಳಲ್ಲಿ ಉಳಿದವರದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಆದರೆ ಎಲ್ಲ ಉಳುಕಿಗೂ ಒಂದೇ ನಿಯಮ ಹೊಂದದು. ಬ್ರಿಟನ್ನಿನಲ್ಲಿ 584 ಜನರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನೋಡಿದ್ದು ಮೈಭಾರ ಊರಲಾಗದಷ್ಟು ತೀವ್ರವಾಗಿ ಉಳುಕಿದವರನ್ನು. ಮೊಣಕಾಲಿನ ಕೆಳಗೆ ಹತ್ತು ದಿನ ಪ್ಲಾಸ್ಟರ್ ಹಾಕಿಸಿಕೊಂಡವರು, ಬರೀ ಕೊಳವೆಯಂಥ ಬ್ಯಾಂಡೇಜ್ ತೊಟ್ಟವರಿಗಿಂತ ಮೂರು ತಿಂಗಳ ಹೊತ್ತಿಗೆ ಮುಂದಿದ್ದರು. ಯಾವ ಕಾಲಿಗೆ ಯಾವುದು ಎಂಬುದನ್ನು ಆಪ್ತರ ಸಲಹೆಗಿಂತ ಪರೀಕ್ಷಿಸಿದ ವೈದ್ಯರ ಕೈಗೇ ಬಿಡುವುದು ಮೇಲು.

ಇನ್ನು ದಮ್ಮಿನ ಮಾತು. ಗಡುವಿನೊಳಗೆ ಮುಗಿಸಬೇಕಾದ 200 ಕಿಲೋಮೀಟರಿನ ಸವಾರಿಗೆ, ಅಂದರೆ ಬ್ರೆವೆಗೆ, ಹೆಸರು ಕೊಟ್ಟು ತಿಂಗಳುಗಟ್ಟಲೆ ತಯಾರಾದವರಿಗೆ ಕಾಲಿನ ನೋವಿಗಿಂತ ಹೆಚ್ಚು ಕಾಡುವುದು ಇದೇ. ಆ ಆತಂಕ ಸುಳ್ಳಲ್ಲ. ಎಡ್ವರ್ಡ್ ಕೊಯ್ಲ್ ಎಂಬ ಅಮೆರಿಕದ ವಿಜ್ಞಾನಿ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚೆನ್ನಾಗಿ ಪಳಗಿದ ಏಳು ಓಟಗಾರರು ಮತ್ತು ಸೈಕಲ್ ಪಟುಗಳು ತರಬೇತಿಯನ್ನು ಪೂರ್ತಿ ನಿಲ್ಲಿಸಿದರು. ದೇಹ ಗರಿಷ್ಠ ಬಳಸಬಲ್ಲ ಆಮ್ಲಜನಕದ ಪ್ರಮಾಣ ಮೂರು ವಾರಗಳಲ್ಲಿ ಶೇ 7ರಷ್ಟು, ಎಂಟು ವಾರಗಳ ಹೊತ್ತಿಗೆ ಶೇ 16ರಷ್ಟು ಇಳಿಯಿತು. ಮೊದಲ ಇಳಿತಕ್ಕೆ ಮುಖ್ಯ ಕಾರಣ ಹೃದಯ ಒಂದು ಬಡಿತಕ್ಕೆ ಹೊರದೂಡುವ ರಕ್ತ ಕಡಿಮೆಯಾದದ್ದು. ಹಾಸಿಗೆ ಹಿಡಿದರಂತೂ ಇನ್ನೂ ಕೆಟ್ಟದ್ದು. 1966ರಲ್ಲಿ ಡಲ್ಲಾಸಿನಲ್ಲಿ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಮಲಗಿಸಿಯೇ ಇಟ್ಟು ಅಳೆಯಲಾಯಿತು. ಮೂವತ್ತು ವರ್ಷಗಳ ಬಳಿಕ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ, ಆ ಮೂರು ವಾರ ತಂದ ನಷ್ಟ ಮೂವತ್ತು ವರ್ಷದ ವಯಸ್ಸು ತಂದ ನಷ್ಟಕ್ಕಿಂತ ಹೆಚ್ಚಾಗಿತ್ತು.

ಸಮಾಧಾನ ತರುವ ಸಂಗತಿ ಷಿಕಾಗೋದ ರಾಬರ್ಟ್ ಹಿಕ್ಸನ್ ಅವರ ಸರಣಿ ಪ್ರಯೋಗಗಳಲ್ಲಿದೆ. 1980ರ ದಶಕದ ಮೊದಲ ಭಾಗದಲ್ಲಿ ಅವರು ಜನರನ್ನು ವಾರಕ್ಕೆ ಆರು ದಿನ, ದಿನಕ್ಕೆ 40 ನಿಮಿಷ ಕಠಿಣವಾಗಿ ಸೈಕಲ್ ತುಳಿಸಿ, ಓಡಿಸಿ, ಆಮೇಲೆ ಒಂದೊಂದಾಗಿ ಕಡಿತ ಮಾಡಿ ನೋಡಿದರು. ಆರು ದಿನವನ್ನು ಎರಡು ದಿನಕ್ಕೆ ಇಳಿಸಿದರೂ ಗಳಿಸಿದ್ದು ಉಳಿಯಿತು. 40 ನಿಮಿಷವನ್ನು 13ಕ್ಕೆ ಇಳಿಸಿದರೂ ಗರಿಷ್ಠ ಆಮ್ಲಜನಕ ಬಳಕೆ ಉಳಿಯಿತು, ದೀರ್ಘ ಹೊತ್ತಿನ ಸಹನೆ ಮಾತ್ರ ಕುಗ್ಗಿತು. ಆದರೆ ಶ್ರಮದ ತೀವ್ರತೆಯನ್ನೇ ತಗ್ಗಿಸಿದಾಗ ಗಳಿಸಿದ್ದು ಜಾರತೊಡಗಿತು. ಅಂದರೆ ಉಳುಕಿದ ಸವಾರ ದಿನವಿಡೀ ನಿಧಾನವಾಗಿ ತುಳಿಯುವುದಕ್ಕಿಂತ, ಕಾಲು ಒಪ್ಪಿದ ಮೇಲೆ ವಾರಕ್ಕೆ ಎರಡು ಮೂರು ಬಾರಿ, ಸ್ವಲ್ಪವೇ ಹೊತ್ತು, ಏದುಸಿರು ಬರುವಷ್ಟು ತುಳಿಯುವುದು ಲಾಭದಾಯಕ.

ಉಳುಕಿದ ಕಣಕಾಲಿನ ಮೇಲೆ ಭಾರ ಬೀಳದಂತೆ ಏದುಸಿರು ಬರಿಸುವುದು ಹೇಗೆ? ಮೊದಲ ದಿನಗಳಲ್ಲಿ ಕಾಲಿಗೆ ಸಂಬಂಧವೇ ಇಲ್ಲದ ದಾರಿಗಳಿವೆ. ಈಜು ಬಲ್ಲವರು ತೊಡೆಗಳ ನಡುವೆ ತೇಲುವ ಬಿಲ್ಲೆ ಇಟ್ಟುಕೊಂಡು ಬರೀ ಕೈಗಳಿಂದ ಈಜಬಹುದು. ಮನೆಯಲ್ಲಿ ಸೈಕಲ್ಲನ್ನು ನಿಂತಲ್ಲೇ ತುಳಿಯುವ ಇಂಡೋರ್ ಟ್ರೇನರ್ ಇದ್ದವರು ನೊಂದ ಕಾಲನ್ನು ಪಕ್ಕದ ಸ್ಟೂಲಿನ ಮೇಲಿಟ್ಟು ಇನ್ನೊಂದರಿಂದಲೇ ತುಳಿಯಬಹುದು. ಒಂದು ಬದಿಯ ಸ್ನಾಯುಗಳಿಗೆ ಕೊಟ್ಟ ವ್ಯಾಯಾಮದ ಬಲ ಮತ್ತೊಂದು ಬದಿಗೂ ಸ್ವಲ್ಪ ದಾಟುತ್ತದೆಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 1894ರಷ್ಟು ಹಿಂದೆಯೇ ಕಂಡುಕೊಂಡಿದ್ದರು. ಕುಂಟುತ್ತಲಾದರೂ ನಡೆಯಲು ಬಂದ ಮೇಲೆ ಎರಡೂ ಕಾಲಿನಿಂದ ತುಳಿಯಲು ಅಡ್ಡಿಯಿಲ್ಲ, ಮೊದಲು ಟ್ರೇನರಿನ ಮೇಲೆ.

ಪೆಡಲನ್ನು ಪಾದದ ಉಬ್ಬಿನ ಕೆಳಗಲ್ಲ, ಪಾದದ ನಡುಭಾಗದ ಕೆಳಗೆ ಇಟ್ಟುಕೊಂಡರೆ ಕಣಕಾಲು ಮತ್ತು ಮೀನಖಂಡದ ಮೇಲಿನ ಹೊರೆ ಕಡಿಮೆಯಾಗುತ್ತದೆ. ಸೀಟು ತುಸು ಎತ್ತರವಿದ್ದರೂ ಪೆಡಲ್ ಕೆಳಗಿಳಿದಾಗ ಬೆರಳಿನ ತುದಿಯಿಂದ ಎಟುಕಿಸಿಕೊಳ್ಳಬೇಕಾಗುತ್ತದೆ, ಗಾಯಗೊಂಡ ಲಿಗಮೆಂಟ್ ಜಗ್ಗುವುದು ಸರಿಯಾಗಿ ಆ ಭಂಗಿಯಲ್ಲೇ. ಹಾಗಾಗಿ ಹಿಮ್ಮಡಿ ಬೀಳುವಷ್ಟು ಮಟ್ಟಿಗೆ ಸೀಟು ಇಳಿಸಿಕೊಳ್ಳಬೇಕು. ಇನ್ನು ಗೇರು. 150 ವ್ಯಾಟ್ ಶಕ್ತಿಯನ್ನು ನಿಮಿಷಕ್ಕೆ 60 ಸುತ್ತು ತುಳಿದೂ ಪಡೆಯಬಹುದು, 90 ಸುತ್ತು ತುಳಿದೂ ಪಡೆಯಬಹುದು. ಎರಡನೆಯದರಲ್ಲಿ ಒಂದೊಂದು ತುಳಿತದ ಒತ್ತಡ ಮೂರನೆಯ ಒಂದು ಪಾಲು ಕಡಿಮೆ, ಹೃದಯಕ್ಕೆ ಮಾತ್ರ ಕೆಲಸ ಕಡಿಮೆಯಾಗುವುದಿಲ್ಲ. ಹಗುರ ಗೇರಿನಲ್ಲಿ ಕೂತೇ ವೇಗವಾಗಿ ತುಳಿಯುವುದು ಈ ಹೊತ್ತಿನ ಸರಿಯಾದ ತಾಲೀಮು. ಎದ್ದು ನಿಂತು ತುಳಿಯುವುದಕ್ಕೆ ಇನ್ನೂ ಕಾಲ ಬಂದಿಲ್ಲ. ಮರುದಿನ ಬೆಳಿಗ್ಗೆ ಊತ ಹೆಚ್ಚಿದ್ದರೆ ಹಿಂದಿನ ದಿನದ್ದು ಅತಿಯಾಯಿತೆಂದೇ ಲೆಕ್ಕ.

ರಸ್ತೆಗಿಳಿಯುವಾಗ ತೊಂದರೆ ಬರುವುದು ತುಳಿಯುವುದರಿಂದಲ್ಲ, ನಿಲ್ಲಿಸುವುದರಿಂದ. ಕ್ಲೀಟ್ ಬಿಡಿಸಲು ಹಿಮ್ಮಡಿಯನ್ನು ಹೊರಕ್ಕೆ ತಿರುಚಬೇಕು, ಅದು ಗಾಯಗೊಂಡ ಕಣಕಾಲಿಗೆ ನೇರ ಪೆಟ್ಟು. ಕೆಲವು ವಾರಗಳ ಮಟ್ಟಿಗೆ ಚಪ್ಪಟೆ ಪೆಡಲೇ ಸರಿ. ಎಡಬದಿಯಲ್ಲಿ ಸಾಗುವ ನಮ್ಮ ರಸ್ತೆಗಳಲ್ಲಿ ಸಿಗ್ನಲ್ ಬಂದಾಗ ಸವಾರರು ಅಭ್ಯಾಸಬಲದಿಂದ ಎಡಗಾಲನ್ನೇ ಅಂಚಿಗೆ ಊರುತ್ತಾರೆ. ಉಳುಕಿರುವುದು ಎಡಗಾಲಾದರೆ ಆ ಅಭ್ಯಾಸವನ್ನು ಖಾಲಿ ಮೈದಾನದಲ್ಲಿ ಮೊದಲೇ ಬದಲಿಸಿಕೊಳ್ಳಬೇಕು. ನಾಯಿಯೋ ಆಟೋವೋ ಅಡ್ಡ ಬಂದಾಗ ಯಾವ ಕಾಲು ಊರಲಿ ಎಂದು ಯೋಚಿಸಲು ಹೊತ್ತಿರುವುದಿಲ್ಲ.

ಇಷ್ಟೆಲ್ಲ ಮಾಡಿ ದಮ್ಮು ಉಳಿಸಿಕೊಂಡವರು ಎಡವುವುದು ಇದರ ಮುಂದಿನ ಹಂತದಲ್ಲಿ. ಪೆಡಲಿನ ಮೇಲಿರುವ ಪಾದ ಒಂದೇ ಜಾಡಿನಲ್ಲಿ ಸುತ್ತುತ್ತದೆ, ಮೈಭಾರ ಸೀಟಿನ ಮೇಲಿರುತ್ತದೆ, ಪಾದಕ್ಕೆ ಸಮತೋಲದ ಕೆಲಸವೇ ಬೀಳುವುದಿಲ್ಲ. ಉಳುಕು ಕೆಡಿಸುವುದು ಮಾತ್ರ ಆ ಸಮತೋಲವನ್ನೇ. 1965ರಲ್ಲಿ ಲಂಡನ್ನಿನ ಮೂಳೆ ತಜ್ಞ ಮೈಕೆಲ್ ಫ್ರೀಮನ್ ಒಂದು ವಿಚಾರ ಮುಂದಿಟ್ಟರು. ಲಿಗಮೆಂಟ್ ಬರೀ ಹಗ್ಗವಲ್ಲ, ಪಾದ ಯಾವ ಕೋನದಲ್ಲಿದೆ ಎಂದು ನರಮಂಡಲಕ್ಕೆ ತಿಳಿಸುವ ತಂತುಗಳೂ ಅದರಲ್ಲಿವೆ. ಹರಿದಾಗ ಆ ಸುದ್ದಿಯೂ ಕಡಿದುಹೋಗುತ್ತದೆ, ಪಾದ ಹೊರಳತೊಡಗಿದಾಗ ಸ್ನಾಯುಗಳು ಹಿಡಿಯುವುದು ತಡವಾಗುತ್ತದೆ. ಒಮ್ಮೆ ಉಳುಕಿದ ಕಾಲೇ ಮತ್ತೆ ಮತ್ತೆ ಉಳುಕುವುದಕ್ಕೆ ಅವರು ಕೊಟ್ಟ ಈ ವಿವರಣೆಯ ಕೆಲವು ಅಂಶಗಳು ಆಮೇಲೆ ಚರ್ಚೆಗೊಳಗಾದವು. ಅಲುಗಾಡುವ ಹಲಗೆಯ ಮೇಲೆ ನಿಂತು ಕಲಿಸುವ ಅವರ ಚಿಕಿತ್ಸೆ ಉಳಿದು ಬಂದಿದೆ.

ಅದರ ಫಲವನ್ನು ನೆದರ್‌ಲ್ಯಾಂಡ್ಸ್‌ನಲ್ಲಿ ಅಳೆದರು. ಕಣಕಾಲು ಉಳುಕಿದ್ದ 522 ಕ್ರೀಡಾಪಟುಗಳಲ್ಲಿ ಅರ್ಧದಷ್ಟು ಜನ ಮಾಮೂಲು ಚಿಕಿತ್ಸೆಯ ಜತೆಗೆ ಎಂಟು ವಾರ ಮನೆಯಲ್ಲೇ ಸಮತೋಲದ ವ್ಯಾಯಾಮ ಮಾಡಿದರು. 2009ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಒಂದು ವರ್ಷದೊಳಗೆ ಮತ್ತೆ ಉಳುಕಿಸಿಕೊಂಡವರು ಅವರಲ್ಲಿ ಶೇ 22, ವ್ಯಾಯಾಮ ಮಾಡದವರಲ್ಲಿ ಶೇ 33. ಬಡವರ ಮನೆಯಲ್ಲೂ ಸಾಧ್ಯವಾಗುವ, ದುಡ್ಡೇ ಬೇಡದ ಚಿಕಿತ್ಸೆಯಿದು. ಆದರೂ ಔಷಧ ಅಂಗಡಿಯ ಮುಲಾಮಿಗೆ ಸಿಗುವ ಗೌರವ ಇದಕ್ಕೆ ಸಿಕ್ಕಿಲ್ಲವೆಂಬುದು ನಿಜವಾಗಿ ದುಃಖದ ವಿಷಯ. ಹಲ್ಲುಜ್ಜುವಾಗ ಒಂಟಿ ಕಾಲಿನಲ್ಲಿ ನಿಲ್ಲುವುದರಿಂದ ಶುರುಮಾಡಿದರೂ ಸಾಕು. ಅದು ಸಲೀಸಾದ ಮೇಲೆ ಕಣ್ಣು ಮುಚ್ಚಿ ನಿಲ್ಲಬೇಕು, ಆಮೇಲೆ ದಿಂಬಿನ ಮೇಲೆ, ಆಮೇಲೆ ಚೆಂಡು ಎಸೆದು ಹಿಡಿಯುತ್ತ.

ಕಾಲು ಸಿದ್ಧವಾಗಿದೆಯೇ ಎಂದು ತಿಳಿಯಲು ನೋವಿನ ಮಾತು ಕೇಳಿದರೆ ಸಾಲದು, ಎರಡು ಕಾಲನ್ನೂ ಹೋಲಿಸಬೇಕು. ಗೋಡೆಗೆ ಎದುರಾಗಿ ಪಾದವಿಟ್ಟು, ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ಮುಟ್ಟಿಸಿದಾಗ ಹೆಬ್ಬೆರಳಿಗೂ ಗೋಡೆಗೂ ಇರುವ ಅಂತರ ಎರಡರಲ್ಲೂ ಸಮವಾಗಿದೆಯೇ? ಒಂಟಿ ಕಾಲಿನಲ್ಲಿ ಹಿಮ್ಮಡಿ ಎತ್ತಿ ಇಳಿಸುವುದು ಎರಡರಲ್ಲೂ ಅಷ್ಟೇ ಸಲ ಆಗುತ್ತದೆಯೇ? ಒಂಟಿ ಕಾಲಿನಲ್ಲಿ ಕುಂಟುಬಿಲ್ಲೆ ಆಡುವಂತೆ ಮುಂದಕ್ಕೂ ಪಕ್ಕಕ್ಕೂ ಜಿಗಿದರೆ ಕಾಲು ಅಳುಕದೆ ಊರುತ್ತದೆಯೇ? ಮೂರಕ್ಕೂ ಹೌದೆನಿಸುವವರೆಗೆ ಉದ್ದದ ಸವಾರಿಗೆ ಕ್ಲೀಟ್ ತೊಡುವುದನ್ನು ಮುಂದೂಡುವುದು ಒಳ್ಳೆಯದು.

ಬ್ರೆವೆಗೆ ಮರಳುವವರು ಅಪಾಯವನ್ನು ರಸ್ತೆಯಲ್ಲಿ ಮಾತ್ರ ಹುಡುಕಬಾರದು. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆಯ ಗಡುವಿರುತ್ತದೆ. ಆ ಹೊತ್ತಿನಲ್ಲಿ ಸೈಕಲ್ಲಿನಿಂದ ಇಳಿದು ದರ್ಶಿನಿಯ ಒದ್ದೆ ಟೈಲ್ಸ್ ಮೇಲೆ, ಪೆಟ್ರೋಲ್ ಬಂಕಿನ ಶೌಚಾಲಯದ ಮೆಟ್ಟಿಲ ಮೇಲೆ, ಹೆದ್ದಾರಿ ಬದಿಯ ಜಲ್ಲಿಯ ಮೇಲೆ ನಡೆಯಲೇಬೇಕು, ಅದೂ ದಣಿದ ಕಾಲಿನಲ್ಲಿ. ರೋಡ್ ಸೈಕಲ್ ಬೂಟಿನ ಉಬ್ಬಿದ ಪ್ಲಾಸ್ಟಿಕ್ ಕ್ಲೀಟ್ ಅಲ್ಲಿ ಜಾರುವುದಕ್ಕೇ ಹುಟ್ಟಿದಂತಿರುತ್ತದೆ. ಕ್ಲೀಟು ಅಟ್ಟೆಯೊಳಗೆ ಹುದುಗಿರುವ ಮೌಂಟನ್ ಬೈಕಿನ ಬೂಟು, ಬೇಕಾದರೆ ಕಣಕಾಲಿಗೆ ಲೇಸ್ ಕಟ್ಟುವ ಬ್ರೇಸ್, ಮತ್ತು ದಾರಿಯ ತಪಾಸಣಾ ತಾಣಗಳಲ್ಲಿ (ಕಂಟ್ರೋಲ್) ಅವಸರವಿಲ್ಲದ ಹೆಜ್ಜೆ, ಇಷ್ಟನ್ನು ಮೊದಲ ಸವಾರಿಗೆ ಇಟ್ಟುಕೊಳ್ಳಬೇಕು. ಸವಾರಿ ಮುಗಿಸಿ ಮನೆಗೆ ಬಂದ ಮೇಲೂ ಒಂಟಿ ಕಾಲಿನ ವ್ಯಾಯಾಮವನ್ನು ಎಂಟು ವಾರ ತುಂಬುವವರೆಗೆ ಬಿಡಬಾರದು.