ಹಿಮಕರಡಿಯ ಹಬ್ಬ ಮತ್ತು ಹೆಸರಿಲ್ಲದ ಕೈಗಳು

ಹಿಮಕರಡಿಗಳ ಕುಟುಂಬವೊಂದು ಕ್ರಿಸ್‌ಮಸ್ ಮರವನ್ನು ಅರಸಿ ಹೊರಡುತ್ತದೆ. ತಂದೆ ತಾಯಿಯರ ಜೊತೆಯಲ್ಲಿ ಒಂದು ಮರಿ. ಕರಡಿಗಳು ಒಂದು ಮಾತನ್ನೂ ಆಡುವುದಿಲ್ಲ. ಕೋಕಾ-ಕೋಲಾ ಸಂಸ್ಥೆಯ ಈ ಹಬ್ಬದ ಜಾಹೀರಾತನ್ನು ಕಂಡವರು ಪಾನೀಯಕ್ಕಿಂತ ಹೆಚ್ಚಾಗಿ ಮರಿಯನ್ನೇ ನೆನಪಿಟ್ಟಿರಬೇಕು.

ಆ ಸಂಸ್ಥೆಯ ಜಾಹೀರಾತಿನಲ್ಲಿ ಹಿಮಕರಡಿ ಮೊದಲು ಕಾಣಿಸಿದ್ದು 1922ರಲ್ಲಿ, ಫ್ರಾನ್ಸಿನ ಮುದ್ರಿತ ಚಿತ್ರವೊಂದರಲ್ಲಿ. ಅದಕ್ಕೆ ಚಲನೆಯುಳ್ಳ ಜೀವ ಬಂದದ್ದು 1993ರ 'ನಾರ್ದರ್ನ್ ಲೈಟ್ಸ್' ಎಂಬ ದೂರದರ್ಶನ ಜಾಹೀರಾತಿನಿಂದ. ಕಲ್ಪನೆ ಕೆನ್ ಸ್ಟುವರ್ಟ್ ಅವರದು. ತಮ್ಮ ಲ್ಯಾಬ್ರಡಾರ್ ನಾಯಿಮರಿಯ ಮುಖದಲ್ಲಿ ಅವರಿಗೆ ಹಿಮಕರಡಿ ಕಂಡಿತ್ತಂತೆ. ಗಣಕಯಂತ್ರದಲ್ಲಿ ಅದನ್ನು ರೂಪಿಸಿದ್ದು ಲಾಸ್ ಏಂಜಲೀಸ್‌ನ ರಿದಮ್ ಅಂಡ್ ಹ್ಯೂಸ್ ಸ್ಟುಡಿಯೋ. ಇಂತಹ ಒಂದೊಂದು ಜಾಹೀರಾತಿಗೂ ಸುಮಾರು 12 ವಾರ ಹಿಡಿಯುತ್ತಿತ್ತು.

ಅಷ್ಟು ಕಾಲ ಏತಕ್ಕೆ? ಸೆಕೆಂಡಿಗೆ 24 ಚಿತ್ರಗಳೆಂದು ಹಿಡಿದರೂ ಅರ್ಧ ನಿಮಿಷಕ್ಕೆ 720 ಚಿತ್ರಗಳು ಬೇಕು. ಕಲಾವಿದರು ನಿಜವಾದ ಹಿಮಕರಡಿಗಳ ಚಿತ್ರಗಳನ್ನೂ ಚಲನಚಿತ್ರಗಳನ್ನೂ ನೋಡಿ ಅವುಗಳ ತಲೆ, ಮೈ ಹೇಗೆ ಅಲುಗುತ್ತವೆಂಬುದನ್ನು ಅಭ್ಯಸಿಸಿದರು. ಗಣಕದೊಳಗಿನ ಪ್ರಾಣಿಗೆ ಮೊದಲು ಮೈಯ ಆಕಾರ, ಬಳಿಕ ಕೀಲುಗಳುಳ್ಳ ಎಲುಬಿನ ಹಂದರ, ಅನಂತರ ಚಲನೆ, ಕೊನೆಗೆ ಬೆಳಕು. ಪಾದ ಊರಿದಾಗ ಭಾರ ಕಾಣದಿದ್ದರೆ ಕರಡಿ ಗಾಳಿಯಲ್ಲಿ ತೇಲಿದಂತೆ ತೋರುತ್ತದೆ. ಬಿಳಿಯ ಹಿಮದ ಮೇಲೆ ಬಿಳಿಯ ಪ್ರಾಣಿ ಎದ್ದು ಕಾಣಬೇಕಾದರೆ ನೆರಳನ್ನೇ ನಂಬಬೇಕು. ಅದರ ಮೇಲೆ, ಯಾವ ಕರಡಿಯೂ ಸೀಸೆ ಹಿಡಿದು ಕುಡಿಯುವುದಿಲ್ಲ. ಇಲ್ಲಿಯದು ಕುಡಿಯಬೇಕು, ಆದರೂ ಕರಡಿಯಾಗಿಯೇ ಉಳಿಯಬೇಕು.

ಇದೇ ಸ್ಟುಡಿಯೋ ಮುಂದೆ 'ಬೇಬ್', 'ದಿ ಗೋಲ್ಡನ್ ಕಂಪಾಸ್', 'ಲೈಫ್ ಆಫ್ ಪೈ' ಚಿತ್ರಗಳ ದೃಶ್ಯ ಪರಿಣಾಮಗಳಿಗಾಗಿ ಆಸ್ಕರ್ ಪಡೆಯಿತು. ಆದರೆ ಮೂರನೆಯ ಪ್ರಶಸ್ತಿ ಕೈಸೇರುವ ಹೊತ್ತಿಗೆ ಮನೆಯೇ ಮುಳುಗಿತ್ತು. 2013ರ ಫೆಬ್ರವರಿಯಲ್ಲಿ ಅದು ದಿವಾಳಿ ಸಂರಕ್ಷಣೆ ಕೋರಿ ನ್ಯಾಯಾಲಯದ ಮೊರೆಹೊಕ್ಕಿತು. ನೂರಾರು ಮಂದಿ ಕೆಲಸ ಕಳೆದುಕೊಂಡರು. ಅದೇ ತಿಂಗಳ 24ರಂದು ಪ್ರಶಸ್ತಿ ಸ್ವೀಕರಿಸಿದ ಬಿಲ್ ವೆಸ್ಟನ್‌ಹೋಫರ್ ಸಂಸ್ಥೆಯ ಸಂಕಟವನ್ನು ಪ್ರಸ್ತಾಪಿಸುತ್ತಿದ್ದಂತೆ ವಾದ್ಯಸಂಗೀತ ಅವರ ಮಾತನ್ನು ನುಂಗಿಹಾಕಿತು. ಹೊರಗೆ ಬೀದಿಯಲ್ಲಿ ಕಲಾವಿದರ ಪ್ರತಿಭಟನೆ ನಡೆದಿತ್ತು.

ಆ ಸ್ಟುಡಿಯೋಗೆ ಮುಂಬಯಿಯಲ್ಲೂ ಹೈದರಾಬಾದಿನಲ್ಲೂ ಶಾಖೆಗಳಿದ್ದವು. ನಾರಾಯಣಪೇಟೆ, ಜಹೀರಾಬಾದುಗಳ ಕನ್ನಡಿಗರಿಗೆ ಹೈದರಾಬಾದೇನೂ ದೂರದೂರಲ್ಲ. ಆದುದರಿಂದ ಈ ಉದ್ಯಮದ ಕರಾರಿನ ಸ್ವರೂಪವನ್ನು ನಮ್ಮ ಮನೆಮಕ್ಕಳೂ ಅರಿತಿರುವುದು ಒಳಿತು. ಇಡೀ ಕೆಲಸಕ್ಕೆ ಮೊದಲೇ ಗುತ್ತಿಗೆ ಮೊತ್ತ ನಿಗದಿಯಾಗುತ್ತದೆ. ಗಿರಾಕಿ ಮನಸ್ಸು ಬದಲಿಸಿ ಮತ್ತೆ ಮತ್ತೆ ತಿದ್ದಿಸಿದರೆ, ಬೇರೆ ಷರತ್ತು ಬರೆದಿರದ ಪಕ್ಷದಲ್ಲಿ, ಆ ಹೊರೆ ಸ್ಟುಡಿಯೋದ ತಲೆಗೆ. ಸ್ಟುಡಿಯೋ ಅದನ್ನು ದುಡಿಯುವವರ ರಾತ್ರಿಗಳಿಗೆ ವರ್ಗಾಯಿಸುತ್ತದೆ. ತಿದ್ದುಪಡಿ ಎಷ್ಟು ಬಾರಿ, ಮೀರಿದರೆ ದರವೆಷ್ಟು ಎಂಬ ಎರಡು ಸಾಲುಗಳು ಕರಾರಿನಲ್ಲಿ ಇರದಿರುವುದು ಬರಿಯ ಮರೆವಲ್ಲ.

ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ 17ನೆಯ ಕಲಮಿನಂತೆ, ನೌಕರಿಯ ಅವಧಿಯಲ್ಲಿ ನೌಕರಿಯ ಭಾಗವಾಗಿ ರಚಿಸಿದ ಕೃತಿಯ ಮೊದಲ ಒಡೆಯ ಸಾಮಾನ್ಯವಾಗಿ ಮಾಲೀಕನೇ. ಸ್ವತಂತ್ರವಾಗಿ ದುಡಿಯುವ ಕಲಾವಿದನ ಸ್ಥಿತಿ ಕೊಂಚ ಭಿನ್ನ. ಅವನು ತನಗೆ ಸೇರಿದ ಹಕ್ಕನ್ನು ಬಿಟ್ಟುಕೊಡುವುದಾದರೆ ಅದು ಲಿಖಿತವಾಗಿ, ಸಹಿಯೊಡನೆ ಆಗಬೇಕು. ಪತ್ರದಲ್ಲಿ ಅವಧಿ ಕಾಣಿಸದಿದ್ದರೆ 5 ವರ್ಷವೆಂದೂ, ಪ್ರದೇಶ ಕಾಣಿಸದಿದ್ದರೆ ಭಾರತದೊಳಗೆ ಮಾತ್ರವೆಂದೂ 19ನೆಯ ಕಲಮು ಭಾವಿಸುತ್ತದೆ. ಸ್ವಾಮ್ಯವನ್ನು ಮಾರಿದ ಮೇಲೂ 'ಇದರ ಕರ್ತೃ ನಾನು' ಎನ್ನುವ ಹಕ್ಕನ್ನು 57ನೆಯ ಕಲಮು ಕರ್ತೃವಿಗೆ ಉಳಿಸಿಕೊಟ್ಟಿದೆ. ಆದರೆ ಚಲನಚಿತ್ರದ ವಿಷಯದಲ್ಲಿ ಕಾಯಿದೆ ಕರ್ತೃವೆನ್ನುವುದು ನಿರ್ಮಾಪಕನನ್ನು. ಹೀಗಾಗಿ ಪಾತ್ರದ ಮೊದಲ ರೇಖಾಚಿತ್ರ ಬರೆದವನು ಆ ಹಾಳೆಯನ್ನು ದಿನಾಂಕದೊಡನೆ ಕಾದಿಟ್ಟುಕೊಂಡರೆ, ಮುಂದೆ ತಕರಾರು ಬಂದಾಗ ತೋರಿಸಲು ಒಂದು ದಾಖಲೆಯಾದರೂ ಇರುತ್ತದೆ.